ಊರಿನ ಕೇಪಳ ಬೆಂಗಳೂರಲ್ಲಿ ಹಳದಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ಪುತ್ತೂರಿನ ಅಮ್ಮನ ಮನೆಯಿಂದ ಕೇಪಳದ (ಗೊಂಚಲು ಹೂವಿನ ಇಕ್ಸೋರಾ) ಗಿಡ ತಂದು ಬೆಂಗಳೂರಲ್ಲಿ ಕಾಂಪೌಂಡ್ ಗೋಡೆ ಪಕ್ಕ ನೆಟ್ಟು ಎರಡು ವರ್ಷವಾಯಿತು. ಊರಲ್ಲಿ ಗುಡ್ಡೆ ತುಂಬಾ ಸುಮ್ನೆ ಬೆಳೆಯುತ್ತದೆ. ಇಲ್ಲಿ ದಿನಾ ಬೋರ್‌ವೆಲ್ ನೀರು, ಆಗಾಗ ಸಗಣಿ ಗೊಬ್ಬರ, ಬೂದಿ, ಮೊಟ್ಟೆ ಸಿಪ್ಪೆ ಎಲ್ಲಾ ಹಾಕಿದರೂ ಎಲೆ ಹಳದಿ. ಗೊಬ್ಬರ ಸಾಲುತ್ತಿಲ್ಲವಾ?

ಉತ್ತರ: ಒಂದು ವಿಷಯ ನೋಡಿ ಹೇಳಿ. ಹಳದಿಯಾಗಿರುವುದು ಬುಡದ ಹಳೆ ಎಲೆಯಾ, ತುದಿಯ ಎಳೆ ಎಲೆಯಾ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಾ?

ಪ್ರಶ್ನೆ ಕೇಳಿದವರು: ತುದಿಯದೇ ಮೇಡಂ. ಎಲೆ ಹಳದಿ, ನರ ಮಾತ್ರ ಹಸಿರು, ಬಲೆ ಹೆಣೆದ ಹಾಗೆ. ಪಾತ್ರೆಯಲ್ಲಿ ಬಿಳಿ ಪದರವಂತೂ ಚಾಕುವಿನಿಂದ ಕೆರೆಯುವಷ್ಟಿದೆ.

ಉತ್ತರ: ಹಾಗಾದರೆ ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಮೊದಲು ಹಳೆ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹಳೆ ಎಲೆಯಿಂದ ಹೊಸದಕ್ಕೆ ಹೋಗುವುದಿಲ್ಲ, ಹಾಗಾಗಿ ಚಿಗುರು ಬಡವಾಗುತ್ತದೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ಗಿಡಕ್ಕೆ ಸಿಗುವುದಿಲ್ಲ. ನಿಮ್ಮೂರಿನ ಕೆಂಪು ಮುರ ಮಣ್ಣು ಹುಳಿ ಗುಣದ್ದು, ಕೇಪಳಕ್ಕೆ ಅದೇ ಇಷ್ಟ. ಇಲ್ಲಿ ಗಡಸು ನೀರು, ಗೋಡೆಯಿಂದ ಇಳಿಯುವ ಸಿಮೆಂಟು ಸುಣ್ಣ ಸೇರಿ ಮಣ್ಣು ಕ್ಷಾರವಾಗಿದೆ, ಅದಕ್ಕೇ ಕಬ್ಬಿಣ ಗಿಡಕ್ಕೆ ಸಿಗುತ್ತಿಲ್ಲ. ಅದರ ಮೇಲೆ ನೀವು ಪ್ರೀತಿಯಿಂದ ಬೂದಿ, ಮೊಟ್ಟೆ ಸಿಪ್ಪೆ ಬೇರೆ! ಇವೆರಡನ್ನೂ ಇವತ್ತೇ ನಿಲ್ಲಿಸಿ.

ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಸಿಗುತ್ತದೆ. ಒಂದು ಲೀಟರ್ ನೀರಿಗೆ ಮೊದಲು ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಆಮೇಲೆ 3 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಮಳೆನೀರಲ್ಲಿ ಕರಗಿಸಿದರೆ ಇನ್ನೂ ಒಳ್ಳೆಯದು. ದ್ರಾವಣ ತಿಳಿ ಹಸಿರಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ, ಅದರಿಂದ ಉಪಯೋಗವಿಲ್ಲ. ನೆಲದ ಟೈಲ್ಸ್ ಮೇಲೆ ಬೀಳದಂತೆ ಹಳೆ ಗೋಣಿ ಹಾಸಿಕೊಳ್ಳಿ, ತುಕ್ಕಿನ ಕಲೆ ಹೋಗುವುದು ಕಷ್ಟ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗದೇ ಹೋಗಬಹುದು, ಹೊಸ ಚಿಗುರನ್ನು ನೋಡಿ.

ಇದು ತಾತ್ಕಾಲಿಕ. ತಾರಸಿಯ ಮಳೆನೀರು ಡ್ರಮ್ಮಿಗೆ ಹಿಡಿದು ಈ ಗಿಡಕ್ಕೇ ಮೀಸಲಿಡಿ. ದಿನಾ ನೀರೂ ಬೇಡ, ಬೆರಳು ಅದ್ದಿ ನೋಡಿ, ಒಂದಿಂಚು ಒಣಗಿದ್ದರೆ ಮಾತ್ರ ಹಾಕಿ. ಗಿಡ ಇನ್ನೂ ಚಿಕ್ಕದಿದ್ದರೆ ಮಳೆಗಾಲದಲ್ಲಿ ಬೇರಿನ ಮಣ್ಣುಂಡೆ ಸಮೇತ ಎತ್ತಿ ಗೋಡೆಯಿಂದ ಮೂರಡಿ ಆಚೆ ನೆಡುವುದು ವಾಸಿ.

ಇನ್ನೊಬ್ಬರು: ಮೇಡಂ, ನಮ್ಮ ಕೇಪಳದ ಬೇಲಿ ಹಸಿರಾಗೇ ಇದೆ, ಹೂ ಮಾತ್ರ ಇಲ್ಲ. ಮಾಲಿ ತಿಂಗಳಿಗೊಮ್ಮೆ ನೀಟಾಗಿ ಕತ್ತರಿಸುತ್ತಾನೆ.

ಉತ್ತರ: ಹೂಗೊಂಚಲು ಬರುವುದೇ ಕೊಂಬೆಯ ತುದಿಯಲ್ಲಿ ಸರ್. ಅದನ್ನೇ ಮಾಲಿ ತಿಂಗಳಿಗೊಮ್ಮೆ ಕತ್ತರಿಸುತ್ತಿದ್ದಾನೆ ಅಲ್ವಾ? ಒಂದೆರಡು ತಿಂಗಳು ಕತ್ತರಿ ಮುಟ್ಟಿಸಬೇಡಿ. ಹೂ ಬಂದು ಉದುರಿದ ಮೇಲೆ ಗೊಂಚಲಿನ ಕೆಳಗೆ ಕತ್ತರಿಸಲಿ.