ಪದಚರ್ಚೆ: ‘ಬಲಾಯೆ’ ಎಂದರೆ ಬೀಗರೇ? ಫಿಲಿಪೀನೊ ಅಜ್ಜಿಮನೆಯ ಮಾತುಗಳಿಗೆ ಕನ್ನಡ

ಪ್ರಶ್ನೆ

ಗೆಳೆಯರೇ,

ಅಮೆರಿಕದ ಡೇಲಿ ಸಿಟಿಯಂಥ ಕಡೆ ಮಕ್ಕಳ ಜೊತೆ ನೆಲೆಸಿರುವ ಫಿಲಿಪೀನೊ ಅಜ್ಜ-ಅಜ್ಜಿಯರ ಹಬ್ಬ, ಅಡುಗೆ, ಮೊಮ್ಮಕ್ಕಳ ಕುರಿತ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಮೂಲದಲ್ಲಿ ಫಿಲಿಪ್ಪೀನ್ಸಿನ ಮುಖ್ಯ ಭಾಷೆಯಾದ ತಗಾಲೊಗಿನ ಮಾತುಗಳನ್ನು ಹಾಗೇ ಉಳಿಸಿ ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಟ್ಟಿದ್ದಾರೆ. ಆ ಅರ್ಥ ಹಿಡಿದು ಹೊರಟರೆ ಕನ್ನಡ ಎಡವುತ್ತಿದೆ. ಕರಡಿನಲ್ಲಿ ಈಗ ಹೀಗಿದೆ: ‘ಮಾನೊ’ – ಕೈಗೆ ಮುತ್ತಿಡುವುದು, ‘ಬಲಾಯೆ’ – ಮಗನ ಅಥವಾ ಮಗಳ ಅತ್ತೆ-ಮಾವ, ‘ಅಪೊ ಸ ತುಹೊದ್’ – ಮೊಣಕಾಲಿನ ಮೊಮ್ಮಗು, ‘ಉಲಾಮ್’ – ಪಕ್ಕದ ಖಾದ್ಯ, ‘ಪಾನ್ಸಿತ್’ – ನೂಡಲ್ಸ್, ‘ಪಸಾಲೂಬೊಂಗ್’ – ಉಡುಗೊರೆ, ‘ಡೆಬ್ಯೂ’ – ಹುಡುಗಿ ಪ್ರಾಯಕ್ಕೆ ಬಂದ ಸಮಾರಂಭ. ‘ಪಿನ್ಸಾನ್’ ಎಂಬುದಕ್ಕೆ ಇನ್ನೂ ಏನೂ ಹಾಕಿಲ್ಲ. ಒಂದೂ ಒಪ್ಪುವಂತಿಲ್ಲ. ದಾರಿ ತೋರಿಸಿ.

ಉತ್ತರ 1

ನಂಟಿನ ಮಾತುಗಳನ್ನು ಮೊದಲು ಮುಗಿಸೋಣ, ಅಲ್ಲಿ ಕನ್ನಡದ ಕೈ ಮೇಲಿದೆ.

‘ಬಲಾಯೆ’ ಎಂದರೆ ನೇರವಾಗಿ ಬೀಗರು. ಗಂಡಿನ ತಂದೆತಾಯಿಗೂ ಹೆಣ್ಣಿನ ತಂದೆತಾಯಿಗೂ ಪರಸ್ಪರ ಇರುವ ನಂಟು ಅದು. ಇಂಗ್ಲಿಷಿನಲ್ಲಿ ಇದಕ್ಕೊಂದು ಸರಿಯಾದ ಪದವಿಲ್ಲ, ಅದಕ್ಕೇ ಅವರು ಸುತ್ತಿಬಳಸಿ ಹೇಳಿದ್ದಾರೆ. ನಮಗೆ ಆ ಸುತ್ತು ಬೇಡ. ತಗಾಲೊಗಿನಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಮಾತು. ಕನ್ನಡದಲ್ಲಿ ಸಂದರ್ಭ ನೋಡಿ ಬೀಗರು, ಬೀಗಿತ್ತಿ ಮಾಡಿಕೊಳ್ಳಿ. ಮದುವೆಗೆ ಮುಂಚೆ ಗಂಡಿನ ಕಡೆಯವರು ಅಡುಗೆ ಮಾಡಿಸಿಕೊಂಡು ಹೆಣ್ಣಿನ ಮನೆಗೆ ಹೋಗಿ ಮಾತಾಡುವ ‘ಪಮಾನ್ಹಿಕಾನ್’ ನಿಮ್ಮ ಬರಹದಲ್ಲಿದ್ದರೆ ಅದು ಹೆಣ್ಣು ನೋಡುವ ಶಾಸ್ತ್ರವಲ್ಲ. ಹುಡುಗ ಹುಡುಗಿ ಆಗಲೇ ಒಪ್ಪಿರುತ್ತಾರೆ. ದಿನ, ಚರ್ಚು, ಖರ್ಚು ಗೊತ್ತುಮಾಡುವ ಮಾತುಕತೆ ಅದು, ನಮ್ಮ ನಿಶ್ಚಯಕ್ಕೆ ಹತ್ತಿರ. ಆ ಪದದ ಬೇರು ‘ಪನ್ಹಿಕ್’, ಮೆಟ್ಟಿಲು ಹತ್ತುವುದು. ಹಳೆಯ ಮನೆಗಳು ಕಂಬದ ಮೇಲೆ ಎತ್ತರದಲ್ಲಿದ್ದವು.

‘ಬಿಲಾಸ್’ ಬಂದರೆ ಹೆಂಡತಿಯ ಅಕ್ಕತಂಗಿಯ ಗಂಡನಿಗೆ ಷಡ್ಡಕ, ಗಂಡನ ಅಣ್ಣತಮ್ಮನ ಹೆಂಡತಿಗೆ ವಾರಗಿತ್ತಿ. ‘ಪಂಗಾನಾಯ್’ ಚೊಚ್ಚಲು, ‘ಬುನ್ಸೊ’ ಕಡೆಹುಟ್ಟು. ‘ಲೋಲೊ’, ‘ಲೋಲಾ’ ತಾಯಿ ಕಡೆಗೂ ತಂದೆ ಕಡೆಗೂ ಸಲ್ಲುತ್ತವೆ, ಅಜ್ಜ ಅಜ್ಜಿ ಸಾಕು.

‘ಅಪೊ’ ಮೊಮ್ಮಗು. ‘ತುಹೊದ್’ ಮೊಣಕಾಲು ಹೌದು, ಆದರೆ ‘ಅಪೊ ಸ ತುಹೊದ್’ ಎಂದರೆ ಮರಿಮೊಮ್ಮಗು. ಅದರ ಮುಂದಿನ ತಲೆಮಾರು ‘ಅಪೊ ಸ ತಲಂಪಾಕಾನ್’, ಅಂಗಾಲಿನದು. ಅಂದರೆ ತಲೆಮಾರು ಇಳಿದಂತೆ ಮೈಯಲ್ಲೂ ಕೆಳಕ್ಕೆ ಇಳಿಯುತ್ತದೆ. ಈ ಚಂದವನ್ನು ಒಮ್ಮೆ ಹೇಳಿ, ಉಳಿದೆಡೆ ಮರಿಮೊಮ್ಮಗು ಎಂದೇ ಬರೆಯಿರಿ.

ಕಷ್ಟ ಇರುವುದು ‘ಪಿನ್ಸಾನ್’ನಲ್ಲಿ. ಅಲ್ಲಿ ಚಿಕ್ಕಪ್ಪನ ಮಗ, ಸೋದರಮಾವನ ಮಗ, ಸೋದರತ್ತೆಯ ಮಗ ಎಲ್ಲರೂ ಒಂದೇ. ನಮ್ಮಲ್ಲಿ ಸೋದರಮಾವನ ಮಗಳು ಎಂದ ಕೂಡಲೇ ಮದುವೆಯ ವರಸೆ ಮೂಗು ತೂರಿಸುತ್ತದೆ. ಫಿಲಿಪ್ಪೀನ್ಸಿನ 1987ರ ಕುಟುಂಬ ಸಂಹಿತೆಯ ಪ್ರಕಾರ ಅಂಥ ಮದುವೆ ಸಿಂಧುವೇ ಅಲ್ಲ. ಆದ್ದರಿಂದ ಅತ್ತೆಮಗಳು, ಬಾವ ಎಂದೆಲ್ಲ ಹಾಕಬೇಡಿ. ವಯಸ್ಸು ಗೊತ್ತಿದ್ದರೆ ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗಳು ಎನ್ನಿ. ಗುಂಪಾಗಿ ಬಂದಾಗ ‘ಅಣ್ಣತಮ್ಮಂದಿರು, ಅಕ್ಕತಂಗಿಯರು’ ಎಂದರೆ ಮುಗಿಯಿತು. ‘ನಿನೊಂಗ್’, ‘ನಿನಾಂಗ್’ ಇವರು ದೀಕ್ಷಾಸ್ನಾನದಲ್ಲೋ ಮದುವೆಯಲ್ಲೋ ಹೊಣೆ ಹೊತ್ತು ನಿಂತವರು. ಪದವನ್ನು ಹಾಗೇ ಇಟ್ಟು ಮೊದಲ ಸಲ ವಿವರಿಸಿ. ಕ್ರಿಸ್‌ಮಸ್ಸಿಗೆ ಅವರು ಮಗುವಿಗೆ ಕೊಡುವ ದುಡ್ಡು ‘ಆಗಿನಾಲ್ಡೊ’.

ಉತ್ತರ 2

ಮಾನೊ ಬಗ್ಗೆ ನಾ ಹೇಳ್ತೀನ್ರಿ. ಮುತ್ತು ಅಲ್ಲೇ ಅಲ್ಲ. ತುಟಿ ತಾಗಂಗಿಲ್ಲ. ಕ್ರಮ ಹಿಂಗೈತಿ: ಸಣ್ಣವರು ‘ಮಾನೊ ಪೊ’ ಅಂತಾರ, ದೊಡ್ಡವರು ಬಲಗೈ ಚಾಚತಾರ, ಅಂಗೈ ಕೆಳಮುಖ, ಸಣ್ಣವರು ಅದನ್ನ ಹಿಡಿದು, ಬಾಗಿ, ಮುಂಗೈ ತಮ್ಮ ಹಣಿಗೆ ತಾಗಿಸ್ಕೋತಾರ. ದೊಡ್ಡವರು ‘ಕಾಅವಾನ್ ಕ ನಂಗ್ ದಿಯೋಸ್’ ಅಂತಾರ, ದೇವರು ನಿನ್ನ ಮ್ಯಾಲೆ ಕರುಣಿ ಇಡಲಿ ಅಂತ. ವಿದೇಶದಾಗ ಬೆಳೆದ ಹುಡುಗರು ‘ಬ್ಲೆಸ್ ಪೊ’ ಅಂತಲೂ ಅಂತಾರ. ‘ಮಾನೊ’ ಸ್ಪ್ಯಾನಿಷ್ ಮಾತು, ಕೈ ಅಂತ ಅರ್ಥ. ಮೂರು ಶತಮಾನ ಸ್ಪೇನಿನವರ ಆಳ್ವಿಕಿ ಇತ್ತಲ್ಲ.

‘ಕಾಲಿಗೆ ಬಿದ್ದ’ ಅಂತ ಬರದ್ರ ಭಾವ ಸರಿ, ಚಿತ್ರ ತಪ್ಪು. ಪ್ರಸಾದ ಕಣ್ಣಿಗೊತ್ತಿಕೊಳ್ತೀವಲ್ಲ, ಆ ಕ್ರಿಯಾಪದನೇ ಇಲ್ಲಿ ಕೂಡ್ತೈತಿ: ‘ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡಳು’.

‘ಪೊ’ ಅನ್ನೂದು ನಮ್ಮ ‘ರೀ’. ‘ಓಪೊ’ ಅಂದ್ರ ‘ಹೌದ್ರೀ’. ಬೆಂಗಳೂರು ಬರಹದಾಗ ‘ರೀ’ ಹಾಕಿದ್ರ ಹೆಂಡತಿ ಗಂಡನ್ನ ಕರದಂಗ ಆಗ್ತೈತಿ ಅಂತ ಹಿಂಜರಿಬ್ಯಾಡ್ರಿ, ಮೊಮ್ಮಗಳು ಅಜ್ಜಿಗೆ ‘ಹೌದ್ರೀ ಅಜ್ಜಿ’ ಅಂದ್ರ ಧಾರವಾಡದಾಗ ಯಾರೂ ನಗಂಗಿಲ್ಲ. ಒಂದು ಎಚ್ಚರಿಕಿ: ಫಿಲಿಪ್ಪೀನ್ಸಿನಾಗ ಸೆಬುವಾನೊ, ಇಲೊಕಾನೊ ಅಂತ ಬ್ಯಾರೆ ಭಾಷೆನೂ ಅದಾವ. ಸೆಬುವಾನೊ ಮಾತಾಡೋ ಮನೀಯಾಗ ‘ಪೊ’ ಇಲ್ಲ. ಇಲೊಕಾನೊ ಮನೀಯಾಗ ‘ಅಪೊ’ ಅಂದ್ರ ದೊಡ್ಡವರಿಗೆ ಗೌರವದ ಕರೆ, ‘ಒಡೆಯಾ’ ಅಂದಂಗ, ಮೊಮ್ಮಗು ಅಲ್ಲ. ಹಂಗಾಗಿ ಅಜ್ಜಿ ಯಾವ ಸೀಮಿಯಾಕಿ ಅಂತ ಮೊದಲು ನೋಡ್ರಿ.

ಉತ್ತರ 3

ಅಡುಗೆಮನೆಗೆ ಬರೋಣ. ಇಂಗ್ಲಿಷಿನ ಒಂದೇ ‘ರೈಸ್’ ಅಲ್ಲಿ ಒಡೆದುಹೋಗುತ್ತದೆ: ‘ಪಾಲಾಯ್’ ಭತ್ತ, ‘ಬಿಗಾಸ್’ ಅಕ್ಕಿ, ‘ಕಾನಿನ್’ ಅನ್ನ, ‘ಬಹಾವ್’ ತಂಗಳನ್ನ, ‘ಲುಗಾವ್’ ಗಂಜಿ. ತಂಗಳನ್ನಕ್ಕೆ ಬೆಳ್ಳುಳ್ಳಿ ಹಾಕಿ ಬೆಳಿಗ್ಗೆ ಹುರಿದದ್ದು ‘ಸಿನಂಗಾಗ್’. ಮೂಲದಲ್ಲಿ ‘ರೈಸ್’ ಎಂದಿರುವ ಕಡೆಯೆಲ್ಲ ಯಾವುದು ಎಂದು ಕೇಳಿಯೇ ಹಾಕಿ.

‘ಉಲಾಮ್’ಗೆ ‘ಪಕ್ಕದ ಖಾದ್ಯ’ ಬೇಡವೇ ಬೇಡ. ಅದು ಹೋಟೆಲಿನ ಪಟ್ಟಿಯ ಕನ್ನಡ. ಅನ್ನದ ಜೊತೆ ಬರುವ ಮೀನು, ಮಾಂಸ, ತರಕಾರಿ, ಕಡೆಗೆ ಒಣಮೀನು, ಹುರಿದ ಮೊಟ್ಟೆ ಕೂಡ ಉಲಾಮ್. ನಮ್ಮ ಹಳೆಯ ‘ಮೇಲೋಗರ’ ಅದಕ್ಕೆ ಹೇಳಿ ಮಾಡಿಸಿದ ಪದ: ಓಗರದ ಮೇಲಿನದು.

ಪಾನ್ಸಿತ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಹುಟ್ಟುಹಬ್ಬದಲ್ಲಿ ಅದು ಇರಲೇಬೇಕು, ಎಳೆ ಉದ್ದ ಇದ್ದಷ್ಟು ಆಯುಸ್ಸು ಎಂಬ ನಂಬಿಕೆ. ‘ಬೀಹೊನ್’ ಎಂಬ ಬಗೆಯನ್ನು ‘ಅಕ್ಕಿ ಶ್ಯಾವಿಗೆ’ ಎನ್ನಬಹುದು (ಈಗ ಅಂಗಡಿಯದರಲ್ಲಿ ಜೋಳದ ಪಿಷ್ಟವೂ ಇರುತ್ತದೆ, ಮೆಕ್ಕೆಜೋಳ ಎಂದು ಸ್ಪಷ್ಟ ಮಾಡಿ). ಆದರೆ ಶ್ಯಾವಿಗೆ ಎಂದ ತಕ್ಷಣ ನಮ್ಮವರ ಕೈ ಉಪ್ಪಿಟ್ಟಿನ ಅಭ್ಯಾಸದಿಂದ ಅದನ್ನು ಮುರಿಯಲು ಹೋಗುತ್ತದೆ. ಇಲ್ಲಿ ಮುರಿದರೆ ಹಬ್ಬದ ಅರ್ಥವೇ ಕೆಟ್ಟಿತು. ಒಂದು ವಾಕ್ಯ ಸೇರಿಸಿ: ಮುರಿಯಬಾರದು, ಬಡಿಸುವಾಗ ಕತ್ತರಿಸಲೂ ಬಾರದು.

ವಿಧಾನ ಕೊಡುವುದಾದರೆ ಅರ್ಧ ಕಿಲೊ ಬೀಹೊನ್ ಅನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಸಿಯುವುದು. ಬಿಸಿನೀರಿನಲ್ಲಿ ನೆನೆಸಿದರೆ ಬಾಣಲೆಗೆ ಬೀಳುವ ಹೊತ್ತಿಗೇ ಮೆತ್ತಗಾಗಿ ತುಂಡಾಗುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಮಾಂಸ ಹುರಿದು, ಕ್ಯಾರೆಟ್, ಕೋಸು, ಬೀನ್ಸ್ ಅರೆಬೇಯಿಸಿ ತೆಗೆದಿಡುವುದು. ಅದೇ ಬಾಣಲೆಯಲ್ಲಿ ಮೂರರಿಂದ ನಾಲ್ಕು ಕಪ್ ಮಾಂಸದ ಸಾರು, ನಾಲ್ಕೈದು ಚಮಚ ಸೋಯಾ ಸಾಸ್ ಕುದಿಸಿ, ಎಳೆ ಹಾಕಿ, ರಸ ಹೀರುವವರೆಗೆ ಎರಡು ಸೌಟಿನಿಂದ ಮೇಲೆತ್ತಿ ಮಗುಚುವುದು. ಒಂದೇ ಸೌಟಿನಿಂದ ತಿರುವಿದರೂ ತುಂಡಾಗುತ್ತದೆ. ತರಕಾರಿ ಕೊನೆಗೆ. ಮೇಲೆ ಕಲಮಾನ್ಸಿ ಹಿಂಡುವುದು. ಪುಟ್ಟ ಹುಳಿಹಣ್ಣು, ನಮ್ಮ ನಿಂಬೆ ನಡೆಯುತ್ತದೆ. ‘ನೂಡಲ್ಸ್’ ಎಂದಷ್ಟೇ ಬಿಟ್ಟರೆ ಓದುಗನಿಗೆ ಎರಡು ನಿಮಿಷದ ಪೊಟ್ಟಣ ಕಾಣಿಸುತ್ತದೆ.

ಮರುಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇಲೋಗರ ಉಡುಪಿ ಕಡೆಯವರಿಗೆ ಬೇರೆಯೇ ಅಲ್ಲವೇ? ಬೇಳೆ, ತರಕಾರಿ, ತೆಂಗಿನಕಾಯಿ ಅರೆದು ಹಾಕಿದ ಒಂದು ನಿರ್ದಿಷ್ಟ ಪದಾರ್ಥ. ಒಣಮೀನನ್ನು ಮೇಲೋಗರ ಎಂದರೆ ಅಲ್ಲಿ ಒಪ್ಪುತ್ತಾರೆಯೇ? ಪಸಾಲೂಬೊಂಗ್, ಡೆಬ್ಯೂ ಎರಡೂ ಉಳಿದುಕೊಂಡಿವೆ.

ಉತ್ತರ 3 ಬರೆದವರಿಂದ

ಆಕ್ಷೇಪ ಸರಿ. ಹಾಗಾದರೆ ಪದ ಬಿಟ್ಟು ಮಾತು ಹಿಡಿಯಿರಿ. ‘ಆನೊಂಗ್ ಉಲಾಮ್?’ ಎಂದು ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ನಮ್ಮ ‘ಅನ್ನಕ್ಕೆ ಏನು ಮಾಡಿದೀಯ?’ ಅಷ್ಟೇ. ಹಾಗೆ ಬರೆದರೆ ಉಡುಪಿಯೂ ಒಪ್ಪೀತು. ಇನ್ನು ‘ಬಾಓನ್’ ಬಂದರೆ ಬುತ್ತಿ. ಶಾಲೆಗೆ ಹೊರಟ ಮಗುವಿನ ಕೈಗಿಡುವ ಚಿಲ್ಲರೆಯೂ ಬಾಓನ್, ಅಲ್ಲಿ ಬುತ್ತಿ ಸಲ್ಲದು.

ಉತ್ತರ 4

ಪಸಾಲೂಬೊಂಗ್ ಉಡುಗೊರೆಯಲ್ಲ. ಉಡುಗೊರೆಗೆ ಸಮಾರಂಭ ಬೇಕು. ಇದಕ್ಕೆ ಪ್ರಯಾಣ ಸಾಕು. ಹೊರಗೆ ಹೋಗಿ ಬಂದವರು ಮನೆಯವರಿಗೆಂದು ತರುವ ತಿಂಡಿ, ವಸ್ತು. ‘ಊರಿಂದ ತಂದದ್ದು’ ಎನ್ನಿ.

ಇದರ ದೊಡ್ಡ ರೂಪವೇ ಬಲಿಕ್‌ಬಾಯನ್ ಪೆಟ್ಟಿಗೆ, ವಿದೇಶದಲ್ಲಿರುವವರು ಊರಿನ ಮನೆಯವರಿಗೆ ಸಾಮಾನು ತುಂಬಿ ಕಳಿಸುವುದು. ‘ಬಲಿಕ್’ ಮರಳುವುದು, ‘ಬಾಯನ್’ ಊರೂ ಹೌದು ದೇಶವೂ ಹೌದು, ಆದ್ದರಿಂದ ‘ನಾಡು’ ಸರಿ. ವಿದೇಶದಲ್ಲಿ ನೆಲೆಸಿದವರನ್ನು ಊರಿಗೆ ಕರೆಯಲು 1973ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ತಂದ ಕಾರ್ಯಕ್ರಮದಿಂದ ಈ ಮಾತು ಬಳಕೆಗೆ ಬಂತು. ಪೆಟ್ಟಿಗೆ ಹಡಗಿನಲ್ಲಿ ಹೋಗುತ್ತದೆ, ತಿಂಗಳಿಂದ ಎರಡು ತಿಂಗಳು ಹಿಡಿಯುತ್ತದೆ. ಕ್ರಿಸ್‌ಮಸ್ಸಿಗೆ ತಲುಪಬೇಕಾದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಕಳಿಸಬೇಕು. ದರ ಸಾಮಾನ್ಯವಾಗಿ ಪೆಟ್ಟಿಗೆಯ ಅಳತೆಗೆ, ತೂಕಕ್ಕಲ್ಲ. ಅದಕ್ಕೇ ಅಜ್ಜಿಯರು ಡಬ್ಬಿ ಮಾಂಸವನ್ನು ತಳಕ್ಕೆ ಒತ್ತಿ, ಸಂದಿಗೆ ಟವೆಲು ತುರುಕಿ, ಗಾಳಿಗೂ ಜಾಗವಿಲ್ಲದಂತೆ ತುಂಬುವುದು. ಸಾಬೂನನ್ನು ಚಾಕೊಲೇಟಿನ ಜೊತೆ ಇಟ್ಟರೆ ಚಾಕೊಲೇಟು ಸಾಬೂನಿನ ವಾಸನೆ ಹೊಡೆಯುತ್ತದೆ. ಬೇರೆ ಬೇರೆ ಚೀಲದಲ್ಲಿ ಕಟ್ಟಬೇಕು. ಒಳಗೇನಿದೆ ಎಂಬ ಪಟ್ಟಿ ಜೊತೆಗಿರಬೇಕು. ಅಲ್ಲಿನ 2016ರ ಸುಂಕ ಕಾಯ್ದೆ ಅರ್ಹರಿಗೆ ವರ್ಷಕ್ಕೆ ಮೂರು ಸಲದವರೆಗೆ, ಒಟ್ಟು 1,50,000 ಪೆಸೊ ಬೆಲೆಯ ತನಕ ಸುಂಕ ಬಿಟ್ಟಿದೆ. ಮಾರಾಟದ ಸರಕಿಗೆ ಇದು ಇಲ್ಲ. ‘ಪಾರ್ಸೆಲ್’ ಎಂದು ಅನುವಾದಿಸಿದರೆ ಇದೆಲ್ಲ ಸೋರಿಹೋಗುತ್ತದೆ.

ಹಬ್ಬದ ಊಟ ಎರಡಿವೆ, ಇಂಗ್ಲಿಷ್ ಬರಹಗಳು ಎರಡಕ್ಕೂ ‘ನಡುರಾತ್ರಿಯ ಊಟ’ ಎನ್ನುತ್ತವೆ. ‘ನೋಚೆ ಬುವೇನಾ’ ಡಿಸೆಂಬರ್ 24ರ ರಾತ್ರಿ, ಚರ್ಚಿನ ಪೂಜೆ ಮುಗಿಸಿ ಬಂದ ಮೇಲಿನದು. ‘ಮೆದಿಯಾ ನೋಚೆ’ 31ರದ್ದು. ಮೇಜಿನ ಮೇಲೆ ದುಂಡನೆಯ ಹಣ್ಣುಗಳು, ಕೆಲವರಿಗೆ ಹನ್ನೆರಡು, ಕೆಲವರಿಗೆ ಹದಿಮೂರು. ನಾಣ್ಯದ ಆಕಾರ ಎಂಬ ಲೆಕ್ಕ. ಹನ್ನೆರಡು ಹೊಡೆದಾಗ ಮಕ್ಕಳು ಎತ್ತರ ಬೆಳೆಯಲೆಂದು ಕುಣಿದು ಹಾರುವುದೂ ಇದರಲ್ಲೇ. ಬೆರೆಸಬೇಡಿ.

ಡೆಬ್ಯೂ ವಿಷಯಕ್ಕೆ ಖಂಡಿತವಾಗಿ ಹೇಳುತ್ತೇನೆ: ‘ಪ್ರಾಯಕ್ಕೆ ಬಂದ’ ತೆಗೆದುಹಾಕಿ. ಕನ್ನಡದಲ್ಲಿ ಅದು ಮೈನೆರೆದ ಆರತಿಯಾಗಿಬಿಡುತ್ತದೆ. ಇದು ಹುಡುಗಿಯ ಹದಿನೆಂಟನೆಯ ಹುಟ್ಟುಹಬ್ಬ, ಮೈಗೆ ಸಂಬಂಧಿಸಿದ್ದಲ್ಲ. ಹದಿನೆಂಟು ಗುಲಾಬಿ ಎಂದರೆ ಹದಿನೆಂಟು ಗಂಡಸರು ಒಬ್ಬೊಬ್ಬರಾಗಿ ಗುಲಾಬಿ ಕೊಟ್ಟು ಅವಳ ಜೊತೆ ಸ್ವಲ್ಪ ಹೊತ್ತು ನರ್ತಿಸುವುದು. ತಂದೆ, ಅಣ್ಣತಮ್ಮಂದಿರು, ಸಾಮಾನ್ಯವಾಗಿ ಅಜ್ಜನೂ ಅದರಲ್ಲಿ. ಹದಿನೆಂಟು ಮೇಣದಬತ್ತಿ ಹೆಂಗಸರದು. ಹಚ್ಚಿ ಎರಡು ಮಾತು ಹಾರೈಸುತ್ತಾರೆ. ‘ಹದಿನೆಂಟರ ಹಬ್ಬ’ ಎಂದು ಬರೆಯಿರಿ, ತಲೆಬರಹದಲ್ಲಿ ಮಾತ್ರ ಡೆಬ್ಯೂ ಇರಲಿ.