ಬಿಸಿಲಿದೆ, ನೀರಿದೆ, ಆದರೂ ಕಡಲಿನಲ್ಲಿ ಬೆಳೆ ಏಕಿಲ್ಲ?

ಪ್ರಶ್ನೆ (ಮಲ್ಪೆಯ ಸದಸ್ಯರು): ಮೇಡಂ, ನಮ್ಮದು ಮೀನುಗಾರಿಕೆಯ ಮನೆ. ಜುಲೈ 31ಕ್ಕೆ ನಿಷೇಧ ಮುಗಿದು ಬೋಟುಗಳು ಇಳಿಯುವಾಗ ಕಡಲು ಹಸಿರುಗಂದು ಬಣ್ಣದಲ್ಲಿರುತ್ತದೆ. ಮಾರ್ಚ್‌ನಲ್ಲಿ ಸ್ವಲ್ಪ ದೂರ ಹೋದರೆ ಸಾಕು, ತಿಳಿನೀಲಿ. ನೀರಿಗೆ ಹಸಿರು ಬಣ್ಣ ಕೊಡುವುದು ಅದರಲ್ಲಿ ತೇಲುವ ಅತಿ ಸಣ್ಣ ಸಸ್ಯಗಳಾದ ಸಸ್ಯಪ್ಲವಕಗಳು ಎಂದು ಓದಿದ್ದೇನೆ. ಸಸ್ಯವೆಂದ ಮೇಲೆ ಬಿಸಿಲಿನ ಕಾಲದಲ್ಲಿ ಇನ್ನೂ ಚೆನ್ನಾಗಿ ಬೆಳೆಯಬೇಕಲ್ಲವೇ?

ಉತ್ತರ (ಸಮುದ್ರ ವಿಜ್ಞಾನಿ): ನೀವು ನೋಡಿರುವುದು ಸರಿ. ನಾವು ನೀರನ್ನು ಗಾಜಿನ ನಾರಿನ ಬಿಳಿ ಶೋಧಕದ ಮೂಲಕ ಸೋಸಿ ಅಳೆಯುತ್ತೇವೆ. ಮಳೆಗಾಲದ ಕರಾವಳಿ ನೀರಾದರೆ ಒಂದು ಲೀಟರ್ ಇಳಿಯುವಷ್ಟರಲ್ಲಿ ಶೋಧಕದ ಮೇಲೆ ಹಸಿರುಗಂದು ಲೇಪ ಕೂತು, ನೀರು ತೊಟ್ಟಿಕ್ಕುವುದೂ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಆಳಸಮುದ್ರದ ನೀರನ್ನು ಲೀಟರ್‌ಗಟ್ಟಲೆ ಸುರಿದರೂ ಶೋಧಕ ಹೆಚ್ಚುಕಡಿಮೆ ಬೆಳ್ಳಗೇ ಉಳಿಯುತ್ತದೆ.

ಬೇಸಿಗೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಬರ ಇರುವುದು ನೈಟ್ರೇಟ್, ಫಾಸ್ಫೇಟ್‌ಗಳಿಗೆ. ಸಸ್ಯಪ್ಲವಕಗಳು ಇವನ್ನು ಹೀರಿ ಬೆಳೆಯುತ್ತವೆ, ಸತ್ತ ಮೇಲೆ ಮುಳುಗುತ್ತವೆ. ಅವನ್ನು ತಿಂದ ಜೀವಿಗಳ ಹಿಕ್ಕೆಯೂ ಮುಳುಗುತ್ತದೆ. ಕೆಳಗೆ ಬ್ಯಾಕ್ಟೀರಿಯಾಗಳು ಅದನ್ನೆಲ್ಲ ಕೊಳೆಸಿ ಮತ್ತೆ ನೈಟ್ರೇಟ್, ಫಾಸ್ಫೇಟ್ ಮಾಡುತ್ತವೆ. ಆದರೆ ತಿಳಿಯಾದ ಕಡಲಿನಲ್ಲೂ ಬೆಳೆಗೆ ಸಾಲುವಷ್ಟು ಬೆಳಕು ಇಳಿಯುವುದು ಸುಮಾರು 100 ಮೀಟರ್‌ವರೆಗೆ ಮಾತ್ರ. ಬೆಳಕು ಮೇಲೆ, ಗೊಬ್ಬರ ಕೆಳಗೆ! ನಡುವೆ ಬೇಸಿಗೆಯ ಬಿಸಿನೀರು ಹಗುರವಾಗಿ ತೇಲುತ್ತಾ ಎರಡನ್ನೂ ಸೇರಗೊಡುವುದಿಲ್ಲ.

ನೈರುತ್ಯ ಮಳೆಗಾಲದಲ್ಲಿ ದಡದುದ್ದಕ್ಕೂ ಬೀಸುವ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏಳುತ್ತದೆ. ಕೇರಳದ ಕಡೆ ಇದರ ಜೋರು ಹೆಚ್ಚು, ನಮ್ಮಲ್ಲಿ ತುಸು ಕಡಿಮೆ. ಡಯಾಟಮ್‌ಗಳು ಎಂಬ ಗಾಜಿನಂಥ ಚಿಪ್ಪಿನ ಸಸ್ಯಪ್ಲವಕಗಳು ಉಕ್ಕಿ ಬೆಳೆಯುವುದು ಆಗಲೇ. ಬೂತಾಯಿ ಮೀನಿಗೆ ಅದೇ ಊಟ. ಹಾಗೆಂದು ಪೂರ್ತಿ ಹಿಗ್ಗುವಂತೆಯೂ ಇಲ್ಲ: ಹಾಗೆ ಏಳುವ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ, ತಳದ ಮೀನುಗಳಿಗೆ ಅದು ಉಸಿರುಗಟ್ಟಿಸುವ ನೀರು.

ಪ್ರಶ್ನೆ (ಮಂಡ್ಯದ ಸದಸ್ಯರು): ಕಾವೇರಿ, ಕೃಷ್ಣೆ, ಗೋದಾವರಿ, ಗಂಗೆ ಎಲ್ಲವೂ ಹೊಲಗದ್ದೆಗಳ ಸಾರ ಹೊತ್ತು ಬಂಗಾಳ ಕೊಲ್ಲಿ ಸೇರುತ್ತವೆ. ಹಾಗಾದರೆ ಫಲವತ್ತಾದ ಕಡಲು ಅದೇ ಆಗಿರಬೇಕಲ್ಲ ಮೇಡಂ?

ಉತ್ತರ: ಹಾಗೆ ಅನ್ನಿಸುವುದು ಸಹಜ. ವಾಸ್ತವದಲ್ಲಿ ಅರಬ್ಬಿ ಸಮುದ್ರಕ್ಕೆ ಹೋಲಿಸಿದರೆ ಅದು ಬಡ ಕಡಲು. ನದಿಗಳು ತಂದ ಪೋಷಕಾಂಶದ ಬಹುಪಾಲು ಅಳಿವೆಯಲ್ಲಿ, ದಡದ ಆಸುಪಾಸಿನಲ್ಲೇ ಖರ್ಚಾಗುತ್ತದೆ. ದೂರದವರೆಗೆ ಹರಡುವುದು ಸಿಹಿನೀರಿನ ಪದರ. ಅದು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೆ ಮುಚ್ಚಳದಂತೆ ಕೂತು, ಕೆಳಗಿನ ಗೊಬ್ಬರ ಏಳುವುದಕ್ಕೇ ಅಡ್ಡಿಯಾಗುತ್ತದೆ. ಚಂಡಮಾರುತ ಬಂದಾಗ ಮಾತ್ರ ಈ ಪದರ ಕಲಕಿಹೋಗುತ್ತದೆ. ಅದು ಸಾಗಿದ ದಾರಿಯಲ್ಲಿ ಸಸ್ಯಪ್ಲವಕಗಳು ಹೆಚ್ಚುವುದನ್ನು ಉಪಗ್ರಹ ಚಿತ್ರಗಳಲ್ಲಿ ಕಾಣಬಹುದು.

ಪ್ರಶ್ನೆ (ಅದೇ ಮಂಡ್ಯದ ಸದಸ್ಯರು): ಹಾಗಾದರೆ ಹಡಗಿನಲ್ಲಿ ಗೊಬ್ಬರ ಒಯ್ದು ಸುರಿದರಾಯಿತು!

ಉತ್ತರ: ತಮಾಷೆಗೆ ಕೇಳಿರಬಹುದು, ಆದರೆ ನಮ್ಮ ದೇಶದವರೇ ಅದನ್ನು ಮಾಡಿ ನೋಡಿದ್ದಾರೆ. ಅಂಟಾರ್ಕ್ಟಿಕಾದ ಸುತ್ತಲಿನ ಕಡಲಿನಲ್ಲಿ ನೈಟ್ರೇಟ್ ಬೇಕಾದಷ್ಟಿದ್ದರೂ ಬಹುಭಾಗದಲ್ಲಿ ಬೆಳೆ ಕಡಿಮೆ. ಅಲ್ಲಿ ಕೊರತೆ ಇರುವುದು ಕಬ್ಬಿಣದ್ದು. ಕಬ್ಬಿಣ ಹೊತ್ತ ಮಣ್ಣಿನ ಧೂಳು ಅಷ್ಟು ದೂರ ತಲುಪುವುದು ಅಪರೂಪ, ಮೇಲಾಗಿ ಆಮ್ಲಜನಕವಿರುವ ಉಪ್ಪುನೀರಿನಲ್ಲಿ ಕಬ್ಬಿಣ ಕರಗಿ ಉಳಿಯುವುದಿಲ್ಲ. ಅರ್ಧ ಟ್ಯಾಂಕರ್ ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತರುತ್ತೇನೆ ಎಂದು ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ 1988ರಲ್ಲಿ ಅರೆತಮಾಷೆಯಾಗಿ ಹೇಳಿದ್ದರು. ಸಸ್ಯಪ್ಲವಕಗಳು ಗಾಳಿಯ ಇಂಗಾಲವನ್ನು ಹೀರಿ ಮುಳುಗುತ್ತವೆ, ಅದರಿಂದ ಭೂಮಿ ತಣಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ 'ಪೋಲಾರ್‌ಸ್ಟರ್ನ್' ಹಡಗಿನಲ್ಲಿ ಹೋಗಿ, ದಕ್ಷಿಣ ಅಟ್ಲಾಂಟಿಕ್‌ನ 300 ಚದರ ಕಿಲೋಮೀಟರ್ ಜಾಗಕ್ಕೆ ಕಬ್ಬಿಣದ ಸಲ್ಫೇಟ್ ಹಾಕಿದವು. ಇದಕ್ಕೆ ಲೋಹಾಫೆಕ್ಸ್ ಎಂದು ಹೆಸರು. ಸಸ್ಯಪ್ಲವಕಗಳು ಹೆಚ್ಚಿದ್ದೇನೋ ನಿಜ. ಆದರೆ ಡಯಾಟಮ್‌ಗಳು ಬೆಳೆಯಲಿಲ್ಲ. ಅವುಗಳ ಚಿಪ್ಪಿಗೆ ಸಿಲಿಕೇಟ್ ಬೇಕು, ಅಲ್ಲಿನ ನೀರಿನಲ್ಲಿ ಅದು ಆಗಲೇ ತೀರಿತ್ತು. ಬೆಳೆದ ಚಿಕ್ಕ ಜಾತಿಗಳನ್ನು ಸಣ್ಣ ಪ್ರಾಣಿಗಳು ಮೇಯ್ದವು. ಆಳಕ್ಕೆ ಇಳಿದ ಇಂಗಾಲ ತೀರಾ ಅಲ್ಪ. ಪೊಟ್ಯಾಷ್ ಇಲ್ಲದ ಗದ್ದೆಗೆ ಯೂರಿಯಾ ಎಷ್ಟು ಸುರಿದರೇನು ಎಂಬುದು ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ (ಮಲ್ಪೆಯ ಸದಸ್ಯರು): ಸಿಲಿಕೇಟ್ ಕೂಡ ಸುರಿದಿದ್ದರೆ?

ಉತ್ತರ: ಅಲ್ಲೇ ಲೆಕ್ಕ ಕೆಡುತ್ತದೆ. ಸಸ್ಯಪ್ಲವಕಕ್ಕೆ ಕಬ್ಬಿಣ ಬೇಕಾಗುವುದು ಲೇಶಮಾತ್ರ. ಅದಕ್ಕೇ ಒಂದು ಹಡಗಿನಿಂದ ಅಷ್ಟು ದೊಡ್ಡ ಪ್ರಯೋಗ ಸಾಧ್ಯವಾಯಿತು. ಸಿಲಿಕೇಟ್‌ನಲ್ಲಿರುವ ಸಿಲಿಕಾನ್ ಹಾಗಲ್ಲ. ಡಯಾಟಮ್‌ನಲ್ಲಿ 106 ಇಂಗಾಲದ ಪರಮಾಣುಗಳಿಗೆ ಸುಮಾರು 16 ಸಾರಜನಕ, 15 ಸಿಲಿಕಾನ್, 1 ರಂಜಕ ಇರುತ್ತವೆ. ಅಂದರೆ ಸಿಲಿಕಾನ್ ಬೇಕಾಗುವುದು ಹೆಚ್ಚುಕಡಿಮೆ ಸಾರಜನಕದಷ್ಟೇ. ಅಷ್ಟನ್ನು ಕಡಲಿಗೆ ಒಯ್ಯಲು ಹಡಗುಗಳ ಸಾಲೇ ಬೇಕು, ಅವು ಸುಡುವ ಇಂಧನದ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಶೋಧನೆಗಲ್ಲದೆ ಬೇರೆ ಉದ್ದೇಶಕ್ಕೆ ಕಡಲಿಗೆ ಹೀಗೆ ಗೊಬ್ಬರ ಹಾಕಬಾರದೆಂದು ಕಡಲಿಗೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಲಂಡನ್ ಒಪ್ಪಂದದ ದೇಶಗಳು 2008ರಲ್ಲೇ ನಿರ್ಣಯ ಮಾಡಿಕೊಂಡಿವೆ.