ಹೊಳೆ ಬಂದ ವರ್ಷ ಹುಟ್ಟಿದ ನಾಯಿ: ಮುಧೋಳ ತಳಿಯ ಆಯಸ್ಸು ರಕ್ತದಲ್ಲಿದೆಯೋ, ತಾಟಿನಲ್ಲಿದೆಯೋ?

ಹೊಳೆದಂಡೆ:
ಕಳೆದ ವಾರ ಬೆಂಗಳೂರಿನಿಂದ ಒಬ್ಬರು ಮರಿ ನೋಡಲು ಮುಧೋಳಕ್ಕೆ ಬಂದಿದ್ದರು. ತಾಯಿಯನ್ನು ನೋಡಲಿಲ್ಲ, ತಂದೆ ಯಾವುದೆಂದು ಕೇಳಲಿಲ್ಲ. ಕಾರಿನಿಂದ ಇಳಿದವರೇ "ಯಾವ ಕಂಪನಿಯ ಆಹಾರ ಹಾಕುತ್ತೀರಿ?" ಎಂದರು. ಅತಿಥಿಗಳು ಎಂದು ಸುಮ್ಮನಿದ್ದೆ. ಅಲ್ಲಿ ಹೇಳದ ಮಾತನ್ನು ಇಲ್ಲಿ ಹೇಳುತ್ತೇನೆ: ನಾಯಿಯ ಆಯಸ್ಸು ಚೀಲದಲ್ಲಿ ಬರುವುದಿಲ್ಲ, ರಕ್ತದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದೇ ಸಂತತಿ. ಹೊರಗಿನ ಗಂಡನ್ನು ಸೇರಿಸಿಲ್ಲ. ನಮ್ಮ ಚಂದ್ರಿ ಹೊಳೆ ಬಂದ ವರ್ಷ ಹುಟ್ಟಿದವಳು, ಮತ್ತೆ ಹೊಳೆ ಬಂದ ವರ್ಷ ಸತ್ತಳು. ಹದಿನಾಲ್ಕು ವರ್ಷ! ತಿಂದದ್ದು ಜೋಳದ ನುಚ್ಚು, ಮಜ್ಜಿಗೆ, ವಾರಕ್ಕೆರಡು ಮೊಟ್ಟೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಐದನೆಯ ಜಾರ್ಜ್ ದೊರೆಗೆ ಕೊಟ್ಟ ತಳಿ ಇದು. ಜೊತೆಗೆ ಆಹಾರದ ಚೀಲ ಕಟ್ಟಿ ಕಳಿಸಿರಲಿಲ್ಲ.

ಎರಡನೇ ಮಹಡಿ:
"ಹೊರಗಿನ ಗಂಡನ್ನು ಸೇರಿಸಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೀರಿ. ರೋಗದ ಬೇರು ಅಲ್ಲಿಯೇ ಇದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 227 ತಳಿಗಳ ವಂಶವಾಹಿಗಳನ್ನು ನೋಡಿತು. ಸರಾಸರಿ ಒಳಸಂಬಂಧದ ಪ್ರಮಾಣ ಶೇ. 25ರ ಹತ್ತಿರ. ಅಂದರೆ ಒಡಹುಟ್ಟಿದ ಅಣ್ಣ-ತಂಗಿಗೆ ಹುಟ್ಟಿದ ಮರಿಯ ಮಟ್ಟ. ಒಳಸಂಬಂಧ ಹೆಚ್ಚಿದ ತಳಿಗಳೇ ಹೆಚ್ಚು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತವೆ. ನನ್ನ ಬಳಿಯೂ ಎರಡು ಮುಧೋಳಗಳಿವೆ, ಅಪಾರ್ಟ್‌ಮೆಂಟಿನಲ್ಲೇ ಸಾಕಿದ್ದೇನೆ. ಆದರೆ ಒಂದೇ ಮನೆಯ ರಕ್ತವನ್ನು ಮೂರು ತಲೆಮಾರು ತಿರುಗಿಸುವುದನ್ನು ಸಂಪ್ರದಾಯ ಎಂದು ಕರೆಯಲಾರೆ.

ಹೊಳೆದಂಡೆ:
ಅಣ್ಣ-ತಂಗಿಯ ಮಾತು ನಮ್ಮ ಮನೆಯ ನಾಯಿಗೆ ಬೇಡ. ಒಂದೇ ಸೂಲಿನವನ್ನು ನಾವು ಎಂದೂ ಕೂಡಿಸುವುದಿಲ್ಲ. ಆಚೆ ಓಣಿಯ ಚಿಕ್ಕಪ್ಪನ ಮನೆಯ ಗಂಡು, ಈಚೆ ಓಣಿಯ ಹೆಣ್ಣು. ಇನ್ನು ಅಧ್ಯಯನ ಎಂದಿರಿ. ಮೊಬೈಲಿನಲ್ಲಿ ಹುಡುಕಲು ನನ್ನ ಅಳಿಯನಿಗೂ ಬರುತ್ತದೆ. 2024ರಲ್ಲಿ ಬ್ರಿಟನ್ನಿನ ಐದು ಲಕ್ಷ ಎಂಬತ್ತನಾಲ್ಕು ಸಾವಿರ ನಾಯಿಗಳ ಲೆಕ್ಕ ಬಂದಿದೆ: ಶುದ್ಧತಳಿಗೆ 12.7 ವರ್ಷ, ಮಿಶ್ರತಳಿಗೆ 12.0. ಶುದ್ಧ ರಕ್ತವೇ ಹೆಚ್ಚು ಬದುಕಿದೆ. ಮುಗಿಯಿತಲ್ಲ?

ಎರಡನೇ ಮಹಡಿ:
ಮುಗಿದಿಲ್ಲ. ಅದೇ ಲೆಕ್ಕದಲ್ಲಿ ಫ್ರೆಂಚ್ ಬುಲ್‌ಡಾಗ್ ಕೂಡ ಶುದ್ಧತಳಿಯೇ, ಅದಕ್ಕೆ 9.8 ವರ್ಷ. ಆ ಸಾಲು ಅಳಿಯನಿಗೆ ಕಾಣಲಿಲ್ಲವೇ? ಮಿಶ್ರತಳಿ ಎಂದರೆ ಯಾವುದರೊಂದಿಗೆ ಯಾವುದು ಸೇರಿತ್ತು ಎಂದೂ ಅದರಲ್ಲಿ ಬಿಡಿಸಿ ನೋಡಿಲ್ಲ.

ಹೊಳೆದಂಡೆ:
ಬುಲ್‌ಡಾಗ್ ವಿಷಯ ಬುಲ್‌ಡಾಗ್ ಸಾಕಿದವರಿಗೆ ಹೇಳಿ. ಅದೇ ಲೆಕ್ಕ ಉದ್ದ ಮೂತಿಯ ನಾಯಿಗಳು ಮೊಂಡು ಮೂತಿಯವಕ್ಕಿಂತ ಹೆಚ್ಚು ಬದುಕುತ್ತವೆ ಎಂದಿದೆ. ನಮ್ಮದರ ಮೂತಿ ನೋಡಿದ್ದೀರಲ್ಲ.

ನಿವೃತ್ತ ಪಶುವೈದ್ಯ:
ಇಬ್ಬರೂ ಬ್ರಿಟನ್ನಿನ ನಾಯಿಯನ್ನು ಹಿಡಿದು ಬಾಗಲಕೋಟೆಯ ನಾಯಿಯ ಜಾತಕ ಬರೆಯುತ್ತಿದ್ದೀರಿ. ಅಲ್ಲಿನ ನಾಯಿಗೆ ಲಸಿಕೆಯಾಗಿರುತ್ತದೆ. ನಾನು ಸೇವೆಯಲ್ಲಿದ್ದಾಗ ಹಳ್ಳಿಯ ಮುಧೋಳ ಮರಿಗಳು ಸಾಯುತ್ತಿದ್ದದ್ದು ಪಾರ್ವೋ ಬೇಧಿಯಿಂದ, ಡಿಸ್ಟೆಂಪರಿನಿಂದ. ದೊಡ್ಡವು ಉಣ್ಣಿ ಕಚ್ಚಿ ಬರುವ ಜ್ವರದಿಂದ. ಎಂಟರಲ್ಲಿ ಐದು ಮರಿ ಹೋಗಿ ಮೂರು ಉಳಿದರೆ "ನಮ್ಮ ರಕ್ತ ಗಟ್ಟಿ" ಎನ್ನುತ್ತಾರೆ. ಹೋದ ಐದೂ ಅದೇ ರಕ್ತದವು.
ಹೊಳೆದಂಡೆಯವರೇ, ಚಂದ್ರಿ ಹೇಗೆ ಸತ್ತಳು?

ರೊಟ್ಟಿಬುಟ್ಟಿ:
ಯಾರೂ ನುಚ್ಚಿನ ಬಗ್ಗೆ ಮಾತನಾಡುತ್ತಿಲ್ಲವಲ್ಲ. ನಾನು ಜಮಖಂಡಿಯವಳು. ನಮ್ಮಲ್ಲಿ ಮನೆಮಂದಿಗೆ ಬಡಿದ ರೊಟ್ಟಿಯ ಕೊನೆಯ ಎರಡು ನಾಯಿಗೇ ಎಂದು ಎತ್ತಿಡುತ್ತೇವೆ. ಹಾಲಿನಲ್ಲಿ ನೆನೆಸಿ, ಕಿವುಚಿ, ಒಲೆಯ ಬದಿಗಿಟ್ಟು ಆರಿಸಿ ಹಾಕುತ್ತೇವೆ. ನಗರದವರು "ನಾಯಿ ತೋಳದ ಮಗ, ಧಾನ್ಯ ಹಾಕಬಾರದು" ಎನ್ನುತ್ತಾರೆ. 2013ರಲ್ಲಿ ಸ್ವೀಡನ್ನಿನವರು ತೋರಿಸಿದ್ದಾರೆ: ಪಿಷ್ಟ ಕರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕೆ ಎರಡೇ, ನಾಯಿಗೆ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯನ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕುಳಿತೇ ಅದು ನಾಯಿಯಾದದ್ದು.

ಎರಡನೇ ಮಹಡಿ:
ಅಕ್ಕ, ಕರಗಿಸಬಲ್ಲದು ಎಂದರೆ ಅದನ್ನೇ ಹಾಕಬೇಕು ಎಂದು ಅರ್ಥವಲ್ಲ. ನಾನೂ ಕರಿದ ಮಿರ್ಚಿ ಕರಗಿಸಬಲ್ಲೆ. ನನ್ನ ನಾಯಿಗಳಿಗೆ ಧಾನ್ಯರಹಿತ ಆಹಾರ, ಬಟಾಣಿ ಮತ್ತು ಮಾಂಸ ಬೆರೆಸಿದ್ದು.

ರೊಟ್ಟಿಬುಟ್ಟಿ:
ಬಟಾಣಿ ಎಂದಿರಿ, ಒಳ್ಳೆಯದಾಯಿತು. ಅಂತಹ ಧಾನ್ಯರಹಿತ ಆಹಾರ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಾಣುತ್ತಿದೆ ಎಂದು ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. ನಮ್ಮ ರೊಟ್ಟಿಯ ಮೇಲೆ ಇದುವರೆಗೆ ಯಾವ ಸರಕಾರವೂ ಎಚ್ಚರಿಕೆ ಹೊರಡಿಸಿಲ್ಲ.

ಎರಡನೇ ಮಹಡಿ:
ಕಾರಣ ಅದೇ ಎಂದು ಸಿದ್ಧವಾಗಿಲ್ಲ.

ರೊಟ್ಟಿಬುಟ್ಟಿ:
ಆಗದಿರಲಿ. ನಾನು ಕಾಯುತ್ತೇನೆ, ನಿಮ್ಮ ನಾಯಿ ಕಾಯಬೇಕಲ್ಲ.

ಗೋಕಾಕದ ಮಾವ:
ನನ್ನದೊಂದು ಸಣ್ಣ ಪ್ರಶ್ನೆ. "ಹೊಳೆ ಬಂದ ವರ್ಷ" ಎಂದರಲ್ಲ, ಯಾವ ಹೊಳೆ? ನಾನು ನೋಡಿದ್ದೇ ಮೂರು ನಾಲ್ಕು. 2005, 2009, 2019, ಮತ್ತೆ 2021. ಹದಿನಾಲ್ಕು ವರ್ಷ ಆಗಬೇಕಾದರೆ 2005ರಲ್ಲಿ ಹುಟ್ಟಿ 2019ರಲ್ಲಿ ಸಾಯಬೇಕು. 2009 ಹಿಡಿದರೆ ಹತ್ತು ತುಂಬುವುದಿಲ್ಲ.

ಹೊಳೆದಂಡೆ:
2005. ಆಗಸ್ಟ್. ಇಷ್ಟಕ್ಕೂ ಅನುಮಾನವೇ?

ಗೋಕಾಕದ ಮಾವ:
ಅನುಮಾನವಲ್ಲ ತಮ್ಮಾ, ಲೆಕ್ಕ. ಹುಟ್ಟಿದ ದಿನಾಂಕ ಎಲ್ಲಾದರೂ ಬರೆದಿಟ್ಟಿದ್ದೀರಾ?

ಹೊಳೆದಂಡೆ:
ನಮ್ಮ ಮನೆಯಲ್ಲಿ ಮಕ್ಕಳ ದಿನಾಂಕವನ್ನೇ ಶಾಲೆಗೆ ಸೇರಿಸುವಾಗ ಬರೆಸಿದ್ದು, ನಾಯಿಯದ್ದು ಯಾರು ಬರೆಯುತ್ತಾರೆ! ಆದರೆ ನೆನಪು ಕಣ್ಣಿಗೆ ಕಟ್ಟಿದಂತಿದೆ. ದನದ ಕೊಟ್ಟಿಗೆಗೆ ನೀರು ನುಗ್ಗಿತ್ತು. ತಾಯಿನಾಯಿ ಮೇವಿನ ಅಟ್ಟ ಹತ್ತಿ ಅಲ್ಲೇ ಆರು ಮರಿ ಹಾಕಿತು. ನನ್ನವ್ವ ಬುಟ್ಟಿಯಲ್ಲಿಟ್ಟು ಒಂದೊಂದನ್ನೇ ಇಳಿಸಿದಳು. ದೀಪಾವಳಿಗೆ ಓಣಿಯಲ್ಲಿ ಪಟಾಕಿ ಹಾರಿಸುವಾಗ ಮರಿಗಳು ಆಗ ತಾನೇ ಕಣ್ಣು ಬಿಟ್ಟಿದ್ದವು, ಸದ್ದಿಗೆ ಬೆದರಿ ಒಂದರ ಮೇಲೊಂದು ಬೀಳುತ್ತಿದ್ದವು. ಇಷ್ಟು ನೆನಪಿದ್ದವನಿಗೆ ವರ್ಷ ನೆನಪಿರುವುದಿಲ್ಲವೇ?

ನಿವೃತ್ತ ಪಶುವೈದ್ಯ:
ನನ್ನ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಹೇಗೆ ಸತ್ತಳು?

ಗೋಕಾಕದ ಮಾವ:
ಡಾಕ್ಟರೇ, ಒಂದು ನಿಮಿಷ ತಡೆಯಿರಿ. ಮರಿ ಕಣ್ಣು ಬಿಡುವುದು ಎಷ್ಟು ದಿನಕ್ಕೆ?

ನಿವೃತ್ತ ಪಶುವೈದ್ಯ:
ಹತ್ತರಿಂದ ಹದಿನಾಲ್ಕು ದಿನ. ಎರಡು ದಿನ ಆಚೀಚೆ.

ಗೋಕಾಕದ ಮಾವ:
ಬಂತಲ್ಲ ದಾರಿಗೆ. 2005ರ ಹೊಳೆ ಜುಲೈ ಕೊನೆ, ಆಗಸ್ಟ್. ಆ ವರ್ಷದ ದೀಪಾವಳಿ ನವೆಂಬರ್ 1. ಆಗಸ್ಟಿನಲ್ಲಿ ಹುಟ್ಟಿದ ಮರಿ ನವೆಂಬರಿನಲ್ಲಿ ಕಣ್ಣು ಬಿಟ್ಟಿತೇ? 2009ರದ್ದು ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ, ಅಕ್ಟೋಬರ್ ಮೊದಲ ವಾರದ ನೀರು. ದೀಪಾವಳಿ ಅಕ್ಟೋಬರ್ 17. ಹದಿನೈದು ದಿನ. ಮರಿ ಕಣ್ಣು ಬಿಡುತ್ತದೆ, ಪಟಾಕಿಗೆ ಬೆದರುತ್ತದೆ, ಎಲ್ಲವೂ ಸರಿಹೋಗುತ್ತದೆ. ನಿಮ್ಮ ಚಂದ್ರಿ ಹತ್ತು ವರ್ಷದೊಳಗೇ ಹೋದಳು.

ಹೊಳೆದಂಡೆ:
"ಕಣ್ಣು ಬಿಟ್ಟಿದ್ದವು" ಎಂದರೆ ಜಗತ್ತು ನೋಡಲು ಶುರುಮಾಡಿದ್ದವು ಎಂಬ ಅರ್ಥದಲ್ಲಿ ಹೇಳಿದೆ. ಮಾತಿನ ಸೊಗಸು ನಿಮ್ಮ ಗೋಕಾಕದಲ್ಲಿ ಇಲ್ಲವೇ? ಅಲ್ಲದೆ 2009ರಲ್ಲಿ ಹೆಚ್ಚು ಏಟು ಬಿದ್ದದ್ದು ಮಲಪ್ರಭೆಯ ದಂಡೆಗೆ. ನಮ್ಮದು ಘಟಪ್ರಭೆ.

ಗೋಕಾಕದ ಮಾವ:
ಘಟಪ್ರಭೆ ಗೋಕಾಕದ ಫಾಲ್ಸ್ ದಾಟಿಯೇ ನಿಮ್ಮೂರಿಗೆ ಬರುವುದು. ಅದರ ಸುದ್ದಿ ನನಗೆ ನಿಮಗಿಂತ ಮೊದಲು ತಿಳಿಯುತ್ತದೆ. ಕೊಟ್ಟಿಗೆಗೆ ನುಗ್ಗಲು ಹೊಳೆಯೇ ಬೇಕೆಂದಿಲ್ಲ, ಹಳ್ಳದ ನೀರೂ ಸಾಕು.

ರೊಟ್ಟಿಬುಟ್ಟಿ:
2005ರಲ್ಲಿ ಜಮಖಂಡಿ ಕಡೆ ಕೃಷ್ಣೆ ಬಂದಾಗ ನನ್ನ ಮದುವೆಯ ಮಾತುಕತೆ ನಡೆದಿತ್ತು, ಗಂಡಿನವರು ಸೇತುವೆಯ ಆಚೆಯೇ ಉಳಿದಿದ್ದರು. ಆದ್ದರಿಂದ 2005ರಲ್ಲಿ ಹೊಳೆ ಬಂದದ್ದು ನಿಜ.

ಗೋಕಾಕದ ಮಾವ:
ಹೊಳೆ ಬಂದಿಲ್ಲ ಎಂದವರು ಯಾರು ತಂಗಿ? ನಾಯಿ ಯಾವ ಹೊಳೆಗೆ ಹುಟ್ಟಿತು ಎಂಬುದು ಮಾತು.

ಎರಡನೇ ಮಹಡಿ:
ಇದೇ ನಾನು ಹೇಳುತ್ತಿದ್ದದ್ದು. ಬರೆದಿಟ್ಟ ಲೆಕ್ಕವೇ ಇಲ್ಲದ ಮೇಲೆ "ಸಂತತಿ", "ಅಜ್ಜನ ಕಾಲ" ಎಲ್ಲ ಗಾಳಿಮಾತು. ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಣಿಯಾದರೂ ಮಾಡಿಸಿದ್ದೀರಾ?

ಹೊಳೆದಂಡೆ:
ಅವರ ದಫ್ತರದಲ್ಲಿ ನಮ್ಮ ನಾಯಿಯ ಹೆಸರೇ ಇಲ್ಲ. "ಕ್ಯಾರವಾನ್ ಹೌಂಡ್" ಎಂದು ಬರೆಯುತ್ತಾರೆ. ಮುಧೋಳದಲ್ಲಿ ಹುಟ್ಟಿ ಮುಧೋಳದಲ್ಲಿ ಬೆಳೆದದ್ದಕ್ಕೆ ಮುಧೋಳ ಎನ್ನದವರಿಂದ ನಾನೇಕೆ ಚೀಟಿ ತರಲಿ? 2005ರಲ್ಲಿ ಅಂಚೆ ಇಲಾಖೆ ಮುಧೋಳ ಹೌಂಡ್ ಎಂದೇ ಚೀಟಿ ಹೊರಡಿಸಿತು. ನನಗೆ ಆ ಚೀಟಿ ಸಾಕು.

ಗೋಕಾಕದ ಮಾವ:
2005 ಎಂದರೆ ನಿಮಗೆ ಬಹಳ ಪ್ರೀತಿ.

ಹೊಳೆದಂಡೆ:
ನೀವು ಹಿರಿಯರು ಎಂದು ಇಷ್ಟು ಹೊತ್ತು ಸುಮ್ಮನಿದ್ದೆ. ನಾಯಿಯ ಮೂತಿ ಅರಳೆಯ ಹಾಗೆ ಬೆಳ್ಳಗಾಗಿತ್ತು. ಹತ್ತು ವರ್ಷಕ್ಕೆ ಹಾಗಾಗುತ್ತದೆಯೇ? ಕೊನೆಯ ವಾರ ನುಚ್ಚು ಮುಟ್ಟಲಿಲ್ಲ, ವಾಂತಿ ಮಾಡಿಕೊಂಡಳು, ಕಣ್ಣಿನ ಬಿಳಿಭಾಗ ಅರಿಶಿನ ಹಚ್ಚಿದಂತಾಗಿತ್ತು. ಹೊಳೆ ಇಳಿದು ಹದಿನೈದು ದಿನವಾಗಿತ್ತು ಅಷ್ಟೆ. ಅವಳನ್ನು ನನ್ನ ತೊಡೆಯ ಮೇಲೆ ಕಳೆದುಕೊಂಡಿದ್ದೇನೆ. ಮುಪ್ಪಿನ ಸಾವು ಹೇಗಿರುತ್ತದೆ ಎಂದು ನನಗೆ ಹೇಳಿಕೊಡಬೇಡಿ.

ನಿವೃತ್ತ ಪಶುವೈದ್ಯ:
ಈಗ ಹೇಳಿದಿರಿ. ಇದು ಮುಪ್ಪಲ್ಲ. ನೆರೆ ಇಳಿದು ಹದಿನೈದು ದಿನ, ವಾಂತಿ, ಹಳದಿ ಕಣ್ಣು: ನಾನಾಗಿದ್ದರೆ ಮೊದಲು ಇಲಿಜ್ವರ ಎನ್ನುತ್ತಿದ್ದೆ, ಲೆಪ್ಟೊಸ್ಪೈರಾ. ಇಲಿ, ಹೆಗ್ಗಣದ ಮೂತ್ರ ನೆರೆನೀರಿನಲ್ಲಿ ಸೇರುತ್ತದೆ, ಆ ಕೆಸರಿನಲ್ಲಿ ನಡೆದ, ಆ ನೀರು ನೆಕ್ಕಿದ ನಾಯಿಗೆ ಹತ್ತುತ್ತದೆ. ಯಕೃತ್ತು, ಮೂತ್ರಪಿಂಡ ಎರಡೂ ಕೆಡುತ್ತವೆ. ಉಣ್ಣಿ ಹರಡುವ ಬಬೇಸಿಯಾ ಎಂಬ ಪರಾವಲಂಬಿಯಿಂದಲೂ ಹಳದಿಯಾಗಬಹುದು. ರಕ್ತ ಪರೀಕ್ಷೆ ಮಾಡಿಸದೆ ಯಾವುದೆಂದು ಹೇಳಲಾಗದು. ಎರಡಕ್ಕೂ ಔಷಧಿ ಇತ್ತು, ಇಲಿಜ್ವರಕ್ಕೆ ಲಸಿಕೆಯೂ ಇತ್ತು. ರಕ್ತ ಎಷ್ಟೇ ಗಟ್ಟಿಯಿದ್ದರೂ ಇಲಿಯ ಮೂತ್ರಕ್ಕೆ ಅದು ತಿಳಿಯುವುದಿಲ್ಲ. ಕೆಸರು ತುಳಿದ ಮನೆಯವರಿಗೂ ಅದು ಬರಬಹುದಿತ್ತು.

ಎರಡನೇ ಮಹಡಿ:
ಡಾಕ್ಟರ್ ಹೇಳಿದ್ದು ಸರಿ. ಎಲ್ಲಕ್ಕೂ ಪರೀಕ್ಷೆ ಬೇಕು. ನನ್ನ ಗಂಡಿಗೆ ಆರು ವರ್ಷ, ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಥೈರಾಯ್ಡ್ ಕಡಿಮೆ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಒಂದು ವರ್ಷದಿಂದ ಕೊಡುತ್ತಿದ್ದೇನೆ. ರಕ್ತಸಂಬಂಧದ ಸಂತತಿಯ ಫಲ ಇದು.

ನಿವೃತ್ತ ಪಶುವೈದ್ಯ:
ಮಹನೀಯರೇ, ಗ್ರೇಹೌಂಡಿನಂತಹ ಓಟದ ಬೇಟೆನಾಯಿಗಳಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಹುಟ್ಟಿನಿಂದಲೇ ಕಡಿಮೆ. ಅದು ಅವುಗಳ ಸಹಜ ಮಟ್ಟ. ಲ್ಯಾಬ್ರಡಾರಿನ ಗೆರೆ ಇಟ್ಟು ಅಳೆದರೆ ಆರೋಗ್ಯವಂತ ನಾಯಿಯೂ ರೋಗಿಯಾಗಿ ಕಾಣುತ್ತದೆ. ರೋಮ ಉದುರಿದೆಯೇ? ಮೈ ಬಂದಿದೆಯೇ? ಸೋಮಾರಿಯಾಗಿದೆಯೇ? ಏನೂ ಇಲ್ಲದಿದ್ದರೆ ಯಾವುದಕ್ಕೆ ಮಾತ್ರೆ? ನೀವಾಗಿಯೇ ನಿಲ್ಲಿಸಬೇಡಿ, ಈ ಜಾತಿಯ ನಾಯಿಗಳನ್ನು ಬಲ್ಲ ವೈದ್ಯರಿಗೆ ತೋರಿಸಿ. ಮುಂದೆ ಅರಿವಳಿಕೆ ಕೊಡುವಾಗಲೂ ಹೇಳಿ: ಥಯೊಪೆಂಟಾಲ್ ಕೊಟ್ಟರೆ ಇವು ಏಳಲು ಬಹಳ ಹೊತ್ತು ಹಿಡಿಯುತ್ತವೆ. ಮೈಯಲ್ಲಿ ಕೊಬ್ಬಿಲ್ಲ, ಯಕೃತ್ತೂ ಅದನ್ನು ನಿಧಾನವಾಗಿ ಒಡೆಯುತ್ತದೆ. ಇದು ನಿಜವಾಗಿ ರಕ್ತದಲ್ಲಿ ಬಂದದ್ದು. ಇದರ ಬಗ್ಗೆ ಮಾತ್ರ ಯಾರೂ ಜಗಳವಾಡುವುದಿಲ್ಲ.

ಎರಡನೇ ಮಹಡಿ:
ಸ್ವಲ್ಪ ಮೈ ಬಂದಿದೆ. 34 ಕಿಲೋ. ಪಕ್ಕೆಲುಬು ಕಂಡರೆ ಅಪಾರ್ಟ್‌ಮೆಂಟಿನವರು "ಊಟ ಹಾಕುವುದಿಲ್ಲವೇ" ಎಂದು ಬೈಯುತ್ತಿದ್ದರು.

ರೊಟ್ಟಿಬುಟ್ಟಿ:
ಮೂವತ್ನಾಲ್ಕು! ಅದು ಮುಧೋಳವೇ, ಎಮ್ಮೆಕರುವೇ?

ನಿವೃತ್ತ ಪಶುವೈದ್ಯ:
ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎರಡು ಎಲುಬು ಕಾಣಬೇಕು. ಬೈಯುವವರಿಗೆ ನನ್ನ ಹೆಸರು ಹೇಳಿ. ನಲವತ್ತೆಂಟು ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವನವಿಡೀ ಕಾಲು ಭಾಗ ಕಡಿಮೆ ಹಾಕಿದ ಅಧ್ಯಯನ 2002ರಲ್ಲಿ ಬಂತು. ಕಡಿಮೆ ತಿಂದವು 13 ವರ್ಷ, ಹೊಟ್ಟೆ ತುಂಬ ತಿಂದವು 11.2. ಒಂದೇ ಸೂಲಿನ ಮರಿಗಳು, ಒಂದೇ ಆಹಾರ. ರೊಟ್ಟಿಯೋ ಚೀಲವೋ ಎಂದು ಬಡಿದಾಡುತ್ತಿದ್ದೀರಿ, ಅಳತೆಯನ್ನು ಯಾರೂ ಕೇಳಲಿಲ್ಲ.

ಹೊಳೆದಂಡೆ:
ಆ ಅಧ್ಯಯನ ಮಾಡಿದ್ದು ಪ್ಯೂರಿನಾ. ಚೀಲ ಮಾರುವವರೇ. ಗೊತ್ತಿದೆ ನನಗೆ.

ನಿವೃತ್ತ ಪಶುವೈದ್ಯ:
ಚೀಲ ಮಾರುವವನೇ "ಕಡಿಮೆ ಹಾಕಿ" ಎಂದರೆ ನಂಬಬಹುದು.

ರೊಟ್ಟಿಬುಟ್ಟಿ:
ನಮ್ಮಲ್ಲಿ ಎರಡೇ ರೊಟ್ಟಿ ಎಂದು ನಾನು ಮೊದಲೇ ಹೇಳಿದ್ದೆ. ಅಧ್ಯಯನವಿಲ್ಲದೆ.

ನಿವೃತ್ತ ಪಶುವೈದ್ಯ:
ಹಾಲೂ ಹೇಳಿದ್ದಿರಿ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಒಗ್ಗುವುದಿಲ್ಲ. ಬರೀ ರೊಟ್ಟಿ-ಹಾಲಿನ ಮೇಲೆ ಬೆಳೆದ ಮರಿಗಳ ಕಾಲು ಬಾಗಿರುವುದನ್ನೂ ನಾನು ಕಂಡಿದ್ದೇನೆ.

ರೊಟ್ಟಿಬುಟ್ಟಿ:
ನಮ್ಮವುಗಳ ಕಾಲು ನೆಟ್ಟಗಿವೆ. ಬಂದು ನೋಡಿ.

ಗೋಕಾಕದ ಮಾವ:
ಎಲ್ಲರೂ ಎಲ್ಲಿಗೋ ಹೋದಿರಿ. 2009 ಎಂದು ಒಪ್ಪಿದರೋ ಇಲ್ಲವೋ?

ಹೊಳೆದಂಡೆ:
ಒಪ್ಪುವ ಪ್ರಶ್ನೆಯೇ ಇಲ್ಲ. ಇವತ್ತು ನನ್ನವ್ವನನ್ನು ಕೇಳಿದೆ. "ನಿನ್ನ ಎರಡನೆಯ ಮಗ ಹೊಟ್ಟೆಯಲ್ಲಿದ್ದಾಗ" ಎಂದಳು. ಅವನು ಹುಟ್ಟಿದ್ದು 2010ರ ಜನವರಿಯಲ್ಲಿ. ಆದರೆ ಅವ್ವನಿಗೆ ಎಪ್ಪತ್ತೆಂಟು, ಒಮ್ಮೊಮ್ಮೆ ಮರೆಯುತ್ತಾಳೆ.

ಗೋಕಾಕದ ಮಾವ:
ತಾಯಿಗೆ ನಮಸ್ಕಾರ ಹೇಳಿ.

ಹೊಳೆದಂಡೆ:
ಚಂದ್ರಿಯ ಮೊಮ್ಮಗಳು ನಿನ್ನೆ ರಾತ್ರಿ ಏಳು ಮರಿ ಹಾಕಿದ್ದಾಳೆ. ಗಂಡು ಲೋಕಾಪುರದ ಕಡೆಯದು, ನಮ್ಮ ಸಂತತಿಯದ್ದಲ್ಲ. ಇಲ್ಲಿನ ಮಾತು ಕೇಳಿ ತಂದದ್ದಲ್ಲ, ಚಿಕ್ಕಪ್ಪನ ಗಂಡು ಕಾಲು ಮುರಿದುಕೊಂಡಿತ್ತು. ಕೊಟ್ಟಿಗೆಯ ಗೋಡೆಗೆ ಇದ್ದಿಲಿನಿಂದ ತಾರೀಖು ಬರೆದಿದ್ದೇನೆ. ಅದೂ ನಿಮಗಾಗಿ ಅಲ್ಲ.

ಗೋಕಾಕದ ಮಾವ:
ಎಷ್ಟು ಎತ್ತರಕ್ಕೆ ಬರೆದಿರಿ? ಮುಂದಿನ ಹೊಳೆಗೆ ಅಳಿಸಿಹೋದೀತು.